ಮನೆಯವಳ ಹಾಗೇ

ಗೇಟಿನವನು ಕೇಳಿದ್ದು ಜುಸಾರಾಳನ್ನಲ್ಲ, ವಾಲ್ಡಾಳನ್ನು. ಟ್ಯಾಕ್ಸಿಯ ಬಾಗಿಲು ಹಿಡಿದುಕೊಂಡು ಬಗ್ಗಿ ನಿಂತಿದ್ದ ತುಂಬು ಬಸುರಿಯ ತಲೆಯ ಮೇಲಿಂದ ನೋಟ ಹಾಯಿಸಿ, "ಅಮ್ಮಾವ್ರೆ, ನಿಮ್ಮನೆ ಕೆಲಸದವಳಾ?" ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಗೌರವದಿಂದಲೇ ಕೇಳಿದ. ವಾಲ್ಡಾ ಉತ್ತರ ಹುಡುಕಲೇ ಇಲ್ಲ. "ಹೂಂ, ಬೇಗ," ಎಂದಳು. ಅವನು ಒಳಕ್ಕೆ ತಿರುಗಿ, "ಏಯ್, ಕುರ್ಚಿ ತನ್ರೋ, ಅಮ್ಮಾವ್ರು ಬಿಸಿಲಲ್ಲಿ ನಿಂತಿದಾರೆ," ಎಂದು ಕೂಗಿದ. ಗಾಲಿಕುರ್ಚಿ ಬಂತು. ಬಿಸಿಲಲ್ಲಿ ನಿಂತಿದ್ದವರು ಇಬ್ಬರು, ಅವರಲ್ಲಿ ನೋವು ತಿನ್ನುತ್ತಿದ್ದವಳು ಒಬ್ಬಳೇ ಎಂದು ಯಾರೂ ಹೇಳಲಿಲ್ಲ. ವಾಲ್ಡಾಳೂ ಹೇಳಲಿಲ್ಲ. ಜುಸಾರಾ ಕುರ್ಚಿಯಲ್ಲಿ ಕುಸಿದು ಕೂತಾಗ ಒಮ್ಮೆ ಮುಖ ಎತ್ತಿ ನೋಡಿದಳು. ಆ ಮಾತು ಅವಳ ಕಿವಿಗೆ ಬಿದ್ದಿತ್ತೋ, ಕಣ್ಣಲ್ಲಿದ್ದದ್ದು ಬರೀ ನೋವೋ, ವಾಲ್ಡಾಳಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳಲು ಪುರುಸೊತ್ತೂ ಇರಲಿಲ್ಲ. ಕುರ್ಚಿಯ ಒಂದು ಗಾಲಿ ಕಿರುಗುಟ್ಟುತ್ತ ಇಳಿಜಾರಿನ ದಾರಿಯಲ್ಲಿ ಒಳಗೆ ಹೋಯಿತು. ಅವಳು ಇಬ್ಬರ ಚೀಲಗಳನ್ನೂ ಹೊತ್ತುಕೊಂಡು ಹಿಂದೆ ಓಡಿದಳು. ಗೇಟಿನವನು ಹಿಂದಿನಿಂದ, "ಛೆ ಛೆ, ಚೀಲ ನೀವು ಯಾಕೆ ಹೊರ್ತೀರಾ," ಎಂದ.

ಮೊದಲು ಹೋದ ಹೆರಿಗೆ ಆಸ್ಪತ್ರೆಯಲ್ಲಿ ಅವಳು ನಿಜವನ್ನೇ ಹೇಳಿದ್ದಳು. ನನ್ನ ತಂಗಿ, ನೀರು ಒಡೆದಿದೆ, ನಾನು ಜೊತೆಗಿರುತ್ತೇನೆ, ಹಾಗಂತ ಕಾನೂನಿದೆ. ಕಾನೂನು ಎಂಬ ಮಾತು ಬಿದ್ದದ್ದೇ ಮೇಜಿನ ಹಿಂದೆ ಕೂತವಳ ಮುಖ ಬಾಗಿಲು ಹಾಕಿಕೊಂಡಿತು. ಹಾಸಿಗೆ ಇಲ್ಲ, ಬೇರೆ ಕಡೆ ನೋಡಿ. ಈ ಸಾಲ್ವಡಾರ್ ಊರಿನಲ್ಲಿ ಬಸುರಿಯರನ್ನು ಹೀಗೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಸುತ್ತಿಸುವುದರ ಬಗ್ಗೆ ವಾಲ್ಡಾಳ ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯವಿದೆ. ಕಪ್ಪು ಹೆಂಗಸರು ಹೆಚ್ಚು ಸುತ್ತುತ್ತಾರೆ, ಹೆಚ್ಚು ಕಾಯುತ್ತಾರೆ, ಅವರ ಜೊತೆಗೆ ಬಂದವರನ್ನು ಹೊರಗೇ ನಿಲ್ಲಿಸುತ್ತಾರೆ, ಹೊಲಿಗೆ ಹಾಕುವಾಗ ಮರಗಟ್ಟುವ ಸೂಜಿಯನ್ನು ಅವರಿಗೇ ಕಡಿಮೆ ಕೊಡುತ್ತಾರೆ, ಏಕೆಂದರೆ ಅವರು ತಾಳಿಕೊಳ್ಳುತ್ತಾರಂತೆ. ಎಲ್ಲವನ್ನೂ ಕೋಷ್ಟಕ ಹಾಕಿ ಬರೆದಿದ್ದಾಳೆ. ಆರೋಗ್ಯ ಸಚಿವಾಲಯದವರು ಕರೆಸಿ ಮಾತಾಡಿಸಿದ್ದಾರೆ. ಹಾಸಿಗೆ ಮಾತ್ರ ಇರಲಿಲ್ಲ. ಮತ್ತೆ ಟ್ಯಾಕ್ಸಿ, ಮತ್ತೆ ಬೆಟ್ಟದ ಇಳಿಜಾರು, ತಿರುವಿನಲ್ಲಿ ಒಂದು ತುಂಡು ಸಮುದ್ರ. ಶುಕ್ರವಾರ ಈ ಊರಿನಲ್ಲಿ ದೇವರ ಹೆಸರಿನಲ್ಲಿ ಬಿಳಿ ಉಡುವ ದಿನ, ಬೀದಿಯಲ್ಲಿ ಬಿಳಿ ಉಟ್ಟವರೇ ಎಲ್ಲ. ಅವಳೂ ಬಿಳಿ ಅಂಗಿ, ಬಿಳಿ ಲಂಗ; ಜುಸಾರಾಳ ಬಿಳಿ ನಿಲುವಂಗಿ ಆಗಲೇ ಒದ್ದೆಯಾಗಿ ತೊಡೆಗೆ ಅಂಟಿಕೊಂಡಿತ್ತು. ಕಿಟಕಿಯ ಗಾಜಿಗೆ ಹಣೆ ಒತ್ತಿ ಜುಸಾರಾ ಹೇಳಿದಳು: "ಅಲ್ಲೂ ಕಳಿಸಿದ್ರೆ ಇಲ್ಲೇ ಹೆತ್ತುಬಿಡ್ತೀನಿ ನೋಡು. ಆಮೇಲೆ ಸೀಟು ನೀನೇ ತೊಳಿ. ಈ ಸಲ ನೀನು." ಟ್ಯಾಕ್ಸಿಯವನು ನಕ್ಕ. ವಾಲ್ಡಾ ನಗಲು ಹೋಗಿ, "ಈ ಸಲ" ಎಂಬಲ್ಲಿ ಸಿಕ್ಕಿಕೊಂಡು, ಕರವಸ್ತ್ರದಿಂದ ಅವಳ ಕತ್ತು ಒರೆಸಿದಳು.

ಜುಸಾರಾ ಕೇಳಿದ್ದದ್ದು ಒಂದೇ. ತಿಂಗಳುಗಳ ಹಿಂದೆ, ಬಟ್ಟೆ ಇಸ್ತ್ರಿ ಮಾಡುತ್ತ, ಮುಖ ಎತ್ತದೆ ಕೇಳಿದ್ದಳು. "ಈ ಸಲ ನೀನು ಒಳಗಿರ್ಬೇಕು. ಬೇರೇನೂ ಬೇಡ. ಅವರ ಹತ್ರ ವಾದ ಮಾಡ್ಬೇಡ, ಭಾಷಣ ಬಿಗೀಬೇಡ. ಕೈ ಹಿಡ್ಕೊಂಡು ನಿಂತ್ಕೋ. ನಾನು ಒಬ್ಬಳೇ ಇರಲ್ಲ." ಮೊದಲ ಸಲ ಒಬ್ಬಳೇ ಇದ್ದಳು. ರಾತ್ರಿಯಿಡೀ ಒಂದು ಹಾಲ್‌ನಲ್ಲಿ ಬಿದ್ದುಕೊಂಡಿದ್ದಳು. ಹುಟ್ಟಿದ ಗಂಡುಮಗು ಅಳಲಿಲ್ಲ; ಯಾಕೆ ಅಳಲಿಲ್ಲ ಎಂದು ಅವಳಿಗೆ ಯಾರೂ ಹೇಳಲಿಲ್ಲ. ವಾಲ್ಡಾ ಆಗ ಬೇರೆ ಊರಿನಲ್ಲಿ ಒಂದು ದೊಡ್ಡ ಸಭೆಯ ಮುಂದೆ ಇದೇ ವಿಷಯ ಮಾತಾಡುತ್ತಿದ್ದಳು. ವಾಪಸು ಬಂದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡರ್ ಇಟ್ಟು, ನಿನಗೆ ಇಷ್ಟವಿದ್ದರೆ ಮಾತ್ರ, ಎಂದಿದ್ದಳು. ಜುಸಾರಾ ಹೇಳಿದಳು. ಪುಸ್ತಕದಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು, ಎಲ್ಲರೂ ಮೆಚ್ಚಿದ ಭಾಗ ಅದೇ. ಪುಸ್ತಕವಾಗುವ ಮುಂಚೆ, ಡಾಕ್ಟರೇಟ್ ಪ್ರಬಂಧದ ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರಿಗೆ ತಿಂಡಿ ಮಾಡಿಕೊಂಡು ಬಂದವಳೂ ಜುಸಾರಾ. ಕೋಳಿಮಾಂಸ ತುಂಬಿ ಕರಿದ ಮುದ್ದೆಗಳು, ಗೋಡಂಬಿ ಹಣ್ಣಿನ ರಸ. ಹಿಂದಿನ ಸಾಲಿನಲ್ಲಿ ನಿಂತು ತನ್ನದೇ ಮಾತನ್ನು ಬೇರೆಯವಳ ಹೆಸರಿನಲ್ಲಿ ಕೇಳಿಸಿಕೊಂಡಳು. ಮುಗಿದ ಮೇಲೆ ಪರೀಕ್ಷಕರಲ್ಲೊಬ್ಬರು, ಕಣ್ಣೀರು ಒರೆಸಿಕೊಂಡೇ, ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟರು. ಅವಳು ಇಸಕೊಂಡಳು. ವಾಲ್ಡಾ ನೋಡಿದಳು. ಆಗಲೂ ಬಾಯಿ ತೆರೆಯಲು ಹೋಗಿದ್ದಳು, ಅಷ್ಟರಲ್ಲಿ ಯಾರೋ ಬಂದು ಅಪ್ಪಿಕೊಂಡಿದ್ದರು.

ಒಳಗೆ ಜುಸಾರಾಳನ್ನು ಎದುರುಗೊಂಡವಳು ನಿಲ್ದೆತೆ ಎಂಬ ದಪ್ಪ ಹೆಂಗಸು, ವಾರ್ಡಿನ ನರ್ಸ್. ಜುಸಾರಾಳಷ್ಟೇ ಕಪ್ಪು, ತಲೆಗೆ ಹಸಿರು ಬಟ್ಟೆ ಬಿಗಿದುಕೊಂಡಿದ್ದಳು, ನಡೆದರೆ ಚಪ್ಪಲಿ ನೆಲಕ್ಕೆ ಬಡಿಯುತ್ತಿತ್ತು. "ಎಷ್ಟನೇದು? ಎರಡನೇದಾ? ಹಾಗಿದ್ರೆ ದಾರಿ ಗೊತ್ತು ಬಿಡು," ಎಂದು ಕುರ್ಚಿಯನ್ನು ತಾನೇ ತಳ್ಳಿಕೊಂಡು ಬಾಗಿಲಿನಾಚೆ ಹೋದಳು. ಹಿಂದೆ ಹೆಜ್ಜೆ ಇಟ್ಟ ವಾಲ್ಡಾಳಿಗೆ ಅಂಗೈ ತೋರಿಸಿ, "ಅಮ್ಮಾವ್ರು ಇಲ್ಲೇ ಕೂತ್ಕೊಳ್ಳಿ, ಒಳಗೆ ವಾಸನೆ," ಎಂದಳು. ಎರಡು ರೆಕ್ಕೆಯ ಬಾಗಿಲು ಒಂದಕ್ಕೊಂದು ತಾಗಿ, ಅಲ್ಲಾಡಿ, ನಿಂತಿತು. ಹಜಾರದ ಬೆಂಚುಗಳಲ್ಲಿ ಅಮ್ಮಂದಿರು, ಅಕ್ಕಂದಿರು, ಒಬ್ಬ ಕುಡಿದ ಗಂಡ. ಅವರೆಲ್ಲ ಬೆಳಗಿನಿಂದ ಕಾಯುತ್ತಿದ್ದಂತಿತ್ತು. ಒಬ್ಬ ಹುಡುಗಿ ಟ್ರೇ ಹಿಡಿದು ಬಂದು, ಚಿಕ್ಕ ಪ್ಲಾಸ್ಟಿಕ್ ಲೋಟದಲ್ಲಿ ಸಕ್ಕರೆ ಸುರಿದ ಕಾಫಿಯನ್ನು ವಾಲ್ಡಾಳಿಗೆ ಕೊಟ್ಟಳು. ವಾಲ್ಡಾಳಿಗೆ ಮಾತ್ರ. ಟ್ರೇಯಲ್ಲಿದ್ದದ್ದೇ ಒಂದು ಲೋಟ. ಅವಳು ಬೇಡ ಎನ್ನಬಹುದಿತ್ತು, ಪಕ್ಕದವರಿಗೆ ದಾಟಿಸಬಹುದಿತ್ತು. ಬಾಯಿ ಒಣಗಿತ್ತು, ಕುಡಿದುಬಿಟ್ಟಳು. ದಕ್ಷಿಣದ ಸಾಂವ್ ಪಾವ್ಲೊ ನಗರದಲ್ಲಿ ಅವಳನ್ನು ಯಾರೂ ಬಿಳಿಯವಳೆನ್ನುವುದಿಲ್ಲ. ಅಲ್ಲಿನ ಅಂಗಡಿಗಳಲ್ಲಿ ಅವಳ ಹಿಂದೆ ಕಾವಲಿನವರು ಬರುತ್ತಾರೆ. ತರಗತಿಯಲ್ಲಿ ಅವಳು "ನಾವು ಕಪ್ಪು ಹೆಂಗಸರು" ಎಂದೇ ಮಾತು ಶುರು ಮಾಡುತ್ತಾಳೆ, ಅದು ಸುಳ್ಳೇನಲ್ಲ, ಅವಳ ಅಪ್ಪನ ಕೂದಲು, ಅವಳ ಮೂಗು ಅದಕ್ಕೆ ಸಾಕ್ಷಿ. ಆದರೆ ಇಲ್ಲಿ, ಜುಸಾರಾಳ ಪಕ್ಕದಲ್ಲಿ ನಿಂತರೆ, ಗೋಧಿ ಬಣ್ಣದ ಮೈ, ಬೆಳ್ಳಗಿನ ಬಟ್ಟೆ, ಒಳ್ಳೆಯ ಚಪ್ಪಲಿ, ಇಷ್ಟೇ ಕಾಣುವುದು. ಅದಕ್ಕೇ ಕಾಫಿ ಬಂತು.

ಈಗ ಹೇಳಿಬಿಡಬೇಕು ಎಂದುಕೊಂಡಳು. ಹಾಸಿಗೆ ಸಿಕ್ಕಾಯಿತು, ಇನ್ನೇನು ಕಿತ್ತುಕೊಳ್ಳುತ್ತಾರೆ. ನಿಲ್ದೆತೆ ಏನನ್ನೋ ತರಲು ಹೊರಬಂದಾಗ ಎದ್ದು ಅಡ್ಡ ನಿಂತಳು.

"ನೋಡಿ, ನಾನು ಒಳಗೆ ಇರ್ಬೇಕು. ಅವಳು ನನ್ನ ತಂಗಿ."

ನಿಲ್ದೆತೆ ನಿಂತು, ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿ, ಗಟ್ಟಿಯಾಗಿ ನಕ್ಕಳು. ಕೆಟ್ಟ ನಗುವಲ್ಲ. "ನೀವು ಒಳ್ಳೆಯವರು ಅಂತ ನೋಡಿದ ಕೂಡ್ಲೇ ಗೊತ್ತಾಯ್ತು."

"ಇಲ್ಲ, ನಿಜವಾಗ್ಲೂ ತಂಗಿ. ನಮ್ಮಿಬ್ಬರಿಗೂ ಅಪ್ಪ ಒಬ್ಬರೇ."

"ಎಲ್ಲಾ ಅಮ್ಮಾವ್ರೂ ಹಾಗೇ ಅಂತಾರೆ. ಮನೆಯವಳ ಹಾಗೇ, ತಂಗಿ ಹಾಗೇ, ಮಗಳ ಹಾಗೇ. ನಮ್ಮಮ್ಮನೂ ಒಂದು ಮನೇಲಿ ಮನೆಯವಳ ಹಾಗೇ ಇದ್ಲು. ಆ ಮನೆಯ ಮೂರೂ ಮಕ್ಕಳನ್ನ ಸಾಕಿದ್ದು ಅವಳೇ. ಸತ್ತಾಗ ಒಬ್ಬರೂ ಮಣ್ಣಿಗೆ ಬರ್ಲಿಲ್ಲ. ಹೂವು ಕಳಿಸಿದ್ರು. ಒಳ್ಳೇ ಹೂವೇ." ನಿಲ್ದೆತೆ ಬಟ್ಟೆಯ ಕಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿದಳು. "ನೀವು ಇಲ್ಲಿವರೆಗೆ ಬಂದ್ರಲ್ಲ, ಅದೇ ದೊಡ್ಡದು. ಬಿಡಿ, ನಾವು ನೋಡ್ಕೋತೀವಿ."

"ಯಾರು ಬೇಕು ಅಂತ ಅವಳು ಹೇಳ್ತಾಳೋ ಅವರನ್ನ ಒಳಗೆ ಬಿಡ್ಬೇಕು ಅಂತ ಕಾನೂನಿದೆ. ಅವಳನ್ನೇ ಕೇಳಿ."

"ಕೇಳೋಣ ಬಿಡಿ, ಅದಕ್ಕೇನು," ಎಂದು ನಿಲ್ದೆತೆ ಭುಜದಿಂದ ಬಾಗಿಲು ನೂಕಿಕೊಂಡು ಹೋದಳು.

ನಮ್ಮಿಬ್ಬರಿಗೂ ಅಪ್ಪ ಒಬ್ಬರೇ. ಈ ಮಾತನ್ನು ವಾಲ್ಡಾ ಇಷ್ಟು ಜನರ ಎದುರು ಜೋರಾಗಿ ಹೇಳಿದ್ದು ಇದೇ ಮೊದಲು. ಅದಕ್ಕೆ ಅವಳ ಹತ್ತಿರ ತೋರಿಸಲು ಏನೂ ಇರಲಿಲ್ಲ. ಜುಸಾರಾಳ ಗುರುತಿನ ಚೀಟಿಯಲ್ಲಿ ಅಪ್ಪನ ಜಾಗ ಖಾಲಿ. ಅಪ್ಪ ಬಸ್ ಓಡಿಸುತ್ತಿದ್ದ. ಕೊನೆಯ ನಿಲ್ದಾಣದ ಹತ್ತಿರ ಬಜ್ಜಿ ಕರಿದು ಮಾರುತ್ತಿದ್ದ ಹೆಂಗಸಿನ ಮಗಳು ಜುಸಾರಾ. ಆ ಹೆಂಗಸು ಸತ್ತ ಮೇಲೆ ಒಂದು ಮಧ್ಯಾಹ್ನ ಅಪ್ಪ ಅವಳನ್ನು ಕರಕೊಂಡು ಬಂದ. ಎಣ್ಣೆಗಪ್ಪು ಹುಡುಗಿ, ಮೊಣಕಾಲು ಬೂದಿ ಬಡಿದ ಹಾಗೆ, ಕೈಯಲ್ಲಿ ಅಕ್ಕಿಯ ಚೀಲದಲ್ಲಿ ಬಟ್ಟೆ. ಟೀಚರ್ ಆಗಿದ್ದ ಅಮ್ಮ ಕೂಗಾಡಲಿಲ್ಲ. ಬಡವರ ಮಗುವನ್ನು ತಂದಿಟ್ಟುಕೊಂಡು ಸಾಕುವುದು ಆ ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದದ್ದು, ಹೊಗಳಿಕೆಯ ಕೆಲಸ. ಅಮ್ಮ ಅದನ್ನೇ ಹಿಡಿದುಕೊಂಡಳು. "ಸಾಕಿದ ಮಗಳು," ಎಂದು ಪಕ್ಕದ ಮನೆಯವರಿಗೆ ಹೇಳಿದಳು, "ನಮ್ಮ ವಾಲ್ಡಾಳಿಗೆ ಜೊತೆಯಾಯ್ತು." ಆ ಜೊತೆಗಾತಿಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೋಣೆ ಕೊಟ್ಟರು. ವಾಲ್ಡಾ ಶಾಲೆಗೆ ಬೆಳಿಗ್ಗೆ ಹೋಗುತ್ತಿದ್ದಳು. ಜುಸಾರಾ ಸಂಜೆಯ ಶಾಲೆಗೆ, ಕೆಲಸ ಮುಗಿದರೆ. ವಾಲ್ಡಾಳ ಸಮವಸ್ತ್ರದ ಕಾಲರನ್ನು ಜುಸಾರಾ ಸಾಬೂನು ಹಚ್ಚಿ ಉಜ್ಜುತ್ತಿದ್ದಳು, ಉಜ್ಜುತ್ತಲೇ ಕುಚೋದ್ಯ ಮಾಡುತ್ತಿದ್ದಳು, "ಏನೇ ಇದು, ಕತ್ತಿನ ಮೇಲೆ ಕಲ್ಲಿದ್ದಲು ಹೊತ್ಕೊಂಡು ಹೋಗ್ತೀಯ?" ಇಬ್ಬರೂ ಒದ್ದೆಯಾಗುವವರೆಗೆ ನೀರೆರಚಿ ಆಡುತ್ತಿದ್ದರು. ಅದೂ ನಿಜ. ಅಮ್ಮ ಕಿಟಕಿಯಿಂದ ಕರೆದರೆ ವಾಲ್ಡಾ ಒಳಗೆ ಹೋಗುತ್ತಿದ್ದಳು, ಜುಸಾರಾ ಕಲ್ಲಿನ ಹತ್ತಿರವೇ ಉಳಿಯುತ್ತಿದ್ದಳು. ಅಪ್ಪ ಊಟದ ಮೇಜಿನಲ್ಲಿ ಬೀನ್ಸ್ ಮೇಲೆ ಮರಗೆಣಸಿನ ಹಿಟ್ಟು ಉದುರಿಸಿಕೊಂಡು, ಕಲೆಸಿ, ತಲೆ ತಗ್ಗಿಸಿ ತಿನ್ನುತ್ತಿದ್ದ. ಬಡಿಸುತ್ತಿದ್ದ ಮಗಳನ್ನೂ ತಿನ್ನುತ್ತಿದ್ದ ಮಗಳನ್ನೂ ಒಟ್ಟಿಗೆ ನೋಡಬಾರದೆಂದು ಅವನು ತಟ್ಟೆಯನ್ನೇ ನೋಡುತ್ತಿದ್ದ ಎಂದು ವಾಲ್ಡಾಳಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಗ್ರಂಥಾಲಯದಲ್ಲಿ, ಇಂಥದೇ ಮನೆಗಳ ಬಗ್ಗೆ ಬೇರೆ ಯಾರೋ ಬರೆದದ್ದನ್ನು ಓದುವಾಗ. ಆ ಪುಟಕ್ಕೆ ಗುರುತು ಹಾಕಿಟ್ಟಿದ್ದಳು.

ಹಾಗಾದರೆ ಗೇಟಿನವನು ಕೇಳಿದ್ದು ತಪ್ಪೇ? ಅವಳು ಸುಳ್ಳು ಹೇಳಿದಳೇ? ಬೆಂಚಿನ ಅಂಚಿಗೆ ಕೂತು ಅವಳು ಇದನ್ನು ತರಗತಿಯಲ್ಲಿ ಚರ್ಚೆಗಿಡುವ ಪ್ರಶ್ನೆಯ ಹಾಗೆ ತಿರುಗಿಸಿ ನೋಡಿದಳು, ನೋಡಿ ತನ್ನ ಮೇಲೇ ಅಸಹ್ಯಪಟ್ಟಳು. ಬಾಗಿಲಿನ ರೆಕ್ಕೆ ಅಲ್ಲಾಡಿತು. ನಿಲ್ದೆತೆ ಮುಖವನ್ನಷ್ಟೇ ಹೊರಗೆ ಹಾಕಿದಳು.

"ಕೇಳ್ದೆ ಅಮ್ಮಾವ್ರೆ. ಹೊರಗಿರೋರು ನಿನ್ನ ಯಜಮಾನಿಯಾ ಅಂದೆ. ಹೌದು ಅಂದ್ಲು. ತುಂಬಾ ಒಳ್ಳೇ ಯಜಮಾನಿ ಅಂತಾನೂ ಅಂದ್ಲು. ಪುಣ್ಯವಂತೆ ನೀವು, ನಮ್ಮೋರು ಹೀಗೆಲ್ಲಾ ಸುಮ್ಮಸುಮ್ಮನೆ ಹೇಳಲ್ಲ."

"ಹಾಗೆ ಯಾಕೆ ಕೇಳಿದ್ರಿ? ಯಾರು ಬೇಕು ಅಂತ ಕೇಳಿ ಅಂದಿದ್ದೆ ನಾನು."

"ಬೇಕಾಗೋದು ಅವರಮ್ಮ. ಇಲ್ವಂತೆ. ಗಂಡ ಎಲ್ಲೋ ರಸ್ತೆ ಕೆಲಸಕ್ಕೆ ಹೋಗಿದಾನಂತೆ, ಫೋನ್ ಸಿಗಲ್ವಂತೆ. ಇನ್ನು ಯಾರನ್ನ ಕರೀಲಿ?" ಮುಖ ಒಳಗೆ ಹೋಯಿತು.

ವಾಲ್ಡಾ ನಿಂತೇ ಇದ್ದಳು. ಹೌದು ಅಂದ್ಲು. ಅದರ ಅರ್ಥ ಅವಳಿಗೆ ಎರಡು ಕಡೆಯಿಂದ ಬಂದು ಬಡಿಯಿತು. ಒಂದು, ಗೇಟಿನಲ್ಲಿ ಹೇಳಿದ್ದನ್ನು ಜುಸಾರಾ ಕೇಳಿಸಿಕೊಂಡಿದ್ದಾಳೆ, ಇದೊಂದು ಉಪಾಯ ಎಂದುಕೊಂಡು ಅದನ್ನೇ ಕಾಪಾಡುತ್ತಿದ್ದಾಳೆ, ಹಲ್ಲು ಕಚ್ಚಿಕೊಂಡು, ವಾಲ್ಡಾ ಏನೋ ಯೋಚನೆ ಮಾಡಿಯೇ ಮಾಡಿರುತ್ತಾಳೆ ಎಂದು ನಂಬಿಕೊಂಡು. ಇನ್ನೊಂದು, ಕೇಳಿಸಿಕೊಂಡಿದ್ದಾಳೆ, ಅದೇ ನಿಜವೆಂದು ಒಪ್ಪಿಕೊಂಡಿದ್ದಾಳೆ, ಅಷ್ಟೇ. ಮೊದಲನೆಯದು ಹೆಚ್ಚು ಸಹಿಸಲಾಗದ್ದೆನಿಸಿತು. ಅವಳು ನೇರ ಹೋಗಿ ಬಾಗಿಲಿಗೆ ಕೈ ಹಚ್ಚಿದಳು. ಎಲ್ಲಿಂದಲೋ ಗೇಟಿನವನು ಬಂದು ಅವಳಿಗೂ ಬಾಗಿಲಿಗೂ ನಡುವೆ ನಿಂತ, ಮೈ ತಾಕದ ಹಾಗೆ ಎಚ್ಚರಿಕೆಯಿಂದ. ಬೆಂಚಿನಲ್ಲಿ ಕೂತವರಲ್ಲಿ ಯಾರಾದರೂ ಹೀಗೆ ಬಂದಿದ್ದರೆ ರಟ್ಟೆ ಹಿಡಿದು ಎಳೆಯುತ್ತಿದ್ದ ಎಂದು ಅವಳಿಗೆ ಗೊತ್ತಿತ್ತು.

"ಅಮ್ಮಾವ್ರೆ, ನನ್ನ ಕೆಲಸ ಹೋಗತ್ತೆ."

"ನಾನು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ಇದರ ಬಗ್ಗೆ, ಇದೇ ಬಾಗಿಲಿನ ಬಗ್ಗೆ, ಪುಸ್ತಕ ಬರ್ದಿದೀನಿ. ನೀವು ಮಾಡ್ತಿರೋದು ಕಾನೂನಿಗೆ ವಿರುದ್ಧ."

"ಪ್ರೊಫೆಸರಾ!" ಅವನಿಗೆ ಸಂತೋಷವೇ ಆಯಿತು. "ಹಾಗಿದ್ರೆ ನಿಮಗೆ ನಾನೇನು ಹೇಳೋದು. ಒಳಗೆ ಇನ್ನೂ ಹೆಂಗಸರು ಇದಾರೆ, ಬಟ್ಟೆ ಇಲ್ದೆ ಮಲಗಿರ್ತಾರೆ. ಹೊರಗಿನೋರು ಹೋದ್ರೆ ಅವರಿಗೆ ನಾಚಿಕೆ ಅಲ್ವಾ?"

"ನಾನು ಹೊರಗಿನವಳಲ್ಲ! ಅವಳು ನನ್ನ ತಂಗಿ!" ಎಂದು ಅವಳು ಕಿರುಚಿದಳು. ಹಜಾರದಲ್ಲಿ ಎಲ್ಲರೂ ತಿರುಗಿ ನೋಡಿದರು. ಕುಡಿದ ಗಂಡ ಎಚ್ಚೆತ್ತ. ಒಂದು ಕ್ಷಣ ಅವಳಿಗೆ ಗೆದ್ದೆ ಎನಿಸಿತು. ಆಮೇಲೆ ಮುಖಗಳನ್ನು ನೋಡಿದಳು. ಅಲ್ಲಿ ಅನುಮಾನವಿರಲಿಲ್ಲ, ಸಿಟ್ಟಿರಲಿಲ್ಲ. ಮೆಚ್ಚುಗೆ ಇತ್ತು.

"ಬನ್ನಿ, ಇಲ್ಲಿ ಕೂತ್ಕೊಳ್ಳಿ," ಎಂದು ಒಬ್ಬ ಮುದುಕಿ ತನ್ನ ಪಕ್ಕ ಜಾಗ ಮಾಡಿದಳು. ಮೊಮ್ಮಗಳ ಹೆರಿಗೆಗೆ ಬಂದವಳು, ಮಡಿಲಲ್ಲಿ ಕಾಗದದ ಕೊಟ್ಟೆಯಲ್ಲಿ ಬೇಯಿಸಿದ ಕಡಲೆಕಾಯಿ. "ಒಬ್ಬಳಿಗೋಸ್ಕರ ಹೀಗೆ ಬಡಿದಾಡೋ ಯಜಮಾನೀನ ನಾನು ನೋಡೇ ಇರ್ಲಿಲ್ಲ. ನನಗೆ ನೋವು ಬಂದಾಗ ನಮ್ಮಮ್ಮಾವ್ರು ಬಸ್ಸಿಗೆ ಚಿಲ್ಲರೆ ಕೊಟ್ರು. ತಗೊಳ್ಳಿ, ತಿನ್ನಿ."

"ನಾನು ಅವಳ ಯಜಮಾನಿ ಅಲ್ಲಮ್ಮ."

"ಗೊತ್ತು, ಗೊತ್ತು," ಎಂದಳು ಮುದುಕಿ ಸಮಾಧಾನ ಮಾಡುವವರ ಹಾಗೆ. "ನೀವು ಹಾಗೆ ನೋಡಲ್ಲ ಅವಳನ್ನ. ಎಷ್ಟು ವರ್ಷದಿಂದ ಇದಾಳೆ ನಿಮ್ಮನೇಲಿ?"

ಬಾಯಿಗೆ ಬಂದ ಉತ್ತರ ಸರಿಯಾದ ಉತ್ತರವಾಗಿತ್ತು. ಚಿಕ್ಕಂದಿನಿಂದ. ಅದನ್ನು ನುಂಗಿಕೊಂಡು ಕೂತಳು. ಕಡಲೆಕಾಯಿಯ ಉಪ್ಪುನೀರು ಬೆರಳಿಗೆ ಅಂಟಿತು. ಮೊಬೈಲ್ ತೆಗೆದು ಯಾರಿಗೆ ಮಾಡಬಹುದೆಂದು ನೋಡಿದಳು. ಸಚಿವಾಲಯದಲ್ಲಿ ಒಬ್ಬರ ನಂಬರ್ ಇತ್ತು, ಒಬ್ಬ ವಕೀಲೆಯದು ಇತ್ತು. ವಕೀಲೆ ಎತ್ತಲಿಲ್ಲ. ಸಚಿವಾಲಯದವರು ಎತ್ತಿ, ಘಟನೆಯನ್ನು ಬರೆದು ಕಳಿಸಿ, ಇಂಥ ಉದಾಹರಣೆಗಳು ನಮಗೆ ಬಹಳ ಮುಖ್ಯ, ಎಂದರು. ಅಷ್ಟರಲ್ಲಿ ಬಾಗಿಲಿನಾಚೆಯಿಂದ ದನಿ ಕೇಳಿತು. ಅಲ್ಲಿ ಹಲವು ದನಿಗಳಿದ್ದವು, ಆದರೆ ಜುಸಾರಾಳದು ಅವಳಿಗೆ ಗುರುತು ಸಿಕ್ಕಿತು. ಅದು ಕೂಗಾಗಿರಲಿಲ್ಲ. ಒದ್ದೆ ಕಂಬಳಿಯನ್ನು ಹಿಂಡುವಾಗ ಅವಳು ಹೊಟ್ಟೆಯಿಂದ ತೆಗೆಯುತ್ತಿದ್ದ ಸದ್ದು, ಅದೇ, ಇನ್ನೂ ಉದ್ದ. ಅದರ ಮೇಲೆ ಒಬ್ಬ ಯುವಕನ ಬೇಸತ್ತ ದನಿ, ಡಾಕ್ಟರ್ ಇರಬೇಕು, "ಸೂಜಿ ಏನೂ ಬೇಡ, ಇವಳು ಗಟ್ಟಿಗಿತ್ತಿ, ತಾಳ್ಕೋತಾಳೆ." ಆಮೇಲೆ ನಿಲ್ದೆತೆ, ತಮಾಷೆಯ ದನಿಯಲ್ಲಿ, "ಮಾಡ್ಕೊಳ್ಳೋವಾಗ ಹೀಗೆ ಅತ್ತಿದ್ಯೇನೇ? ಆಗ ಚೆನ್ನಾಗಿತ್ತು ಅಲ್ವಾ? ತಿಣುಕು, ತಿಣುಕು." ಯಾರೋ ನಕ್ಕರು. ಈ ಎರಡು ವಾಕ್ಯಗಳೂ ವಾಲ್ಡಾಳ ಪುಸ್ತಕದಲ್ಲಿವೆ. ಬೇರೆ ಬೇರೆ ಊರಿನ, ಬೇರೆ ಬೇರೆ ಹೆಂಗಸರು ಹೇಳಿದ್ದು, ಹೆಚ್ಚುಕಡಿಮೆ ಇದೇ ಪದಗಳಲ್ಲಿ. ಅವು ಹೀಗೆ ಒಂದರ ಹಿಂದೆ ಒಂದು ಬರುತ್ತವೆ, ಮೊದಲು ಡಾಕ್ಟರು, ಆಮೇಲೆ ನರ್ಸು, ಎಂಬುದನ್ನು ತಾನು ಗಮನಿಸಿರಲಿಲ್ಲ ಎಂದು ಅವಳ ತಲೆಯೊಳಗೆ ಯಾವುದೋ ಒಂದು ಭಾಗ ಶಾಂತವಾಗಿ ಹೇಳಿತು. ಮೊಬೈಲ್ ಕೈಯಲ್ಲೇ ಇತ್ತು. ಬರೆದುಕೊಳ್ಳಲಿಲ್ಲ. ಆದರೆ ಬರೆದುಕೊಳ್ಳದೆಯೂ ನೆನಪಿರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅದೇ ಅವಳ ಕಸುಬು.

ಅವಳು ಮತ್ತೆ ಏಳಲಿಲ್ಲ. ಎದ್ದರೆ ಏನಾಗುತ್ತದೆಂದು ಗೊತ್ತಾಗಿಬಿಟ್ಟಿತ್ತು. ಕೂಗಿದಷ್ಟೂ ಅವಳು ಒಳ್ಳೆಯ ಯಜಮಾನಿಯಾಗುತ್ತಿದ್ದಳು. ಬಡವರ ಅಕ್ಕಂದಿರು ಹೀಗೆ ಕೂಗುವುದಿಲ್ಲ, ಅವರು ಬೆಂಚಿನಲ್ಲಿ ಕೂತು ಕಾಯುತ್ತಾರೆ. ಆದರೆ ಕೂತು ಕಾದರೂ ಅವಳು ಅವರ ಹಾಗೆ ಕಾಣುವುದಿಲ್ಲ. ಬಾಗಿಲಿನ ಮೇಲ್ಭಾಗದ ಗಾಜಿಗೆ ಸುಣ್ಣ ಬಳಿದಿದ್ದರು. ಅದರ ಒಂದು ಮೂಲೆ ಕೆರೆದುಹೋಗಿ, ಆ ಚೂರಿನಲ್ಲಿ ಒಂದು ಹಸಿರು ತಲೆಬಟ್ಟೆ ಆಗಾಗ ಹಾಯ್ದು ಹೋಗುತ್ತಿತ್ತು. ಮುದುಕಿ ಮೊಮ್ಮಗಳಿಗಾಗಿ ಬಾಯಲ್ಲೇ ಏನೋ ಪ್ರಾರ್ಥಿಸುತ್ತಿದ್ದವಳು, "ನಿಮ್ಮವಳ ಹೆಸರೇನು, ಅದನ್ನೂ ಸೇರಿಸ್ತೀನಿ," ಎಂದಳು. ವಾಲ್ಡಾ ಹೆಸರು ಹೇಳಿದಳು. ಒಂದಕ್ಷರವೂ ತಪ್ಪಬಾರದೆಂದು ಬಿಡಿಸಿ ಇನ್ನೊಮ್ಮೆ ಹೇಳಿದಳು. ಅದನ್ನೂ ಮುದುಕಿ ನೋಡಿ ಮೆಚ್ಚಿಕೊಂಡಳು. ಒಳಗೆ ಜುಸಾರಾ ಒಮ್ಮೆ, ಒಂದೇ ಒಂದು ಸಲ, "ವಾಲ್ಡಾ" ಎಂದ ಹಾಗೆ ಕೇಳಿತು. ಪಕ್ಕದವರನ್ನು ನೋಡಿದಳು, ಯಾರಿಗೂ ಕೇಳಿಸಿದ ಹಾಗಿರಲಿಲ್ಲ. ಬೇರೆ ಯಾರದೋ ಬೇರೆ ಮಾತಿರಬಹುದು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಬೆಂಚಿನ ಹಲಗೆಯ ಸೀಳು ಅಂಗೈಗೆ ಒತ್ತುವಂತೆ, ಕೂತೇ ಇದ್ದಳು. ಆಮೇಲೆ ಎಳೆಯ ಅಳು ಬಂತು. ಸಿಟ್ಟಿನ, ಗಟ್ಟಿಯಾದ ಅಳು. "ನಿಮ್ಮದೋ ನನ್ನದೋ," ಎಂದು ಮುದುಕಿ ಅವಳ ಮೊಣಕೈ ಹಿಡಿದುಕೊಂಡಳು.

ನೋಡಲು ಬಿಡುವ ಹೊತ್ತು ಬಂದಾಗ ಎಲ್ಲರ ಜೊತೆ ಸಾಲಿನಲ್ಲಿ ನಿಂತು ವಾರ್ಡಿಗೆ ಹೋದಳು. ಜುಸಾರಾಳ ಹಾಸಿಗೆ ಕಿಟಕಿಯ ಪಕ್ಕ, ಗಾಳಿ ಬರುವ ಕಡೆ. ಬೇರೆ ಕೆಲವರು ಎರಡೆರಡು ಮಂದಿ ಒಂದೇ ಮಂಚದಲ್ಲಿ ತಲೆ ಕಾಲು ಮಾಡಿಕೊಂಡು ಮಲಗಿದ್ದರು. ಜುಸಾರಾಳ ತುಟಿ ಬೂದು ಬಣ್ಣಕ್ಕೆ ತಿರುಗಿತ್ತು, ಕೆಳತುಟಿಯಲ್ಲಿ ಹಲ್ಲಿನ ಗುರುತು. ಎದೆಯ ಮೇಲೆ ಬಟ್ಟೆ ಸುತ್ತಿದ ಹೆಣ್ಣುಮಗು. ಮಗು ಈಗ ಸುಮ್ಮನಿತ್ತು, ಬದುಕಿತ್ತು. ವಾಲ್ಡಾ ಬಗ್ಗಿ ಅವಳ ಹಣೆ ಮುಟ್ಟಿದಳು, ಪಕ್ಕದ ಮಂಚದವರಿಗೆ ಕೇಳದ ಹಾಗೆ ಕೇಳಿದಳು.

"ಯಾಕೆ ಹಾಗಂದೆ? ನಾನು ಬಾಗಿಲಲ್ಲೇ ಇದ್ದೆ ಜು. ತಂಗಿ ಅಂತ ಹೇಳ್ದೆ, ಕೂಗಿ ಹೇಳ್ದೆ. ನೀನು ಹೌದು ಅಂದ್ಬಿಟ್ಟೆ."

"ಗೇಟಲ್ಲಿ ನೀನೇ ಅಂದಿದ್ದಲ್ವಾ," ಎಂದಳು ಜುಸಾರಾ. ದನಿ ಒಣಗಿ ಸಿಪ್ಪೆಯ ಹಾಗಾಗಿತ್ತು. "ಅದರಿಂದ್ಲೇ ಹಾಸಿಗೆ ಸಿಕ್ಕಿದ್ದು ಅಂದ್ಕೊಂಡೆ. ಇಬ್ಬರ ಮಾತು ಬೇರೆಬೇರೆ ಆದ್ರೆ ಎತ್ತಿ ಆಚೆ ಹಾಕಿದ್ರೆ? ನೀನು ಏನೋ ಒಂದು ಮಾಡಿ ಒಳಗೆ ಬರ್ತೀಯ ಅಂತಿದ್ದೆ. ಬಾಗಿಲು ಅಲ್ಲಾಡಿದಾಗೆಲ್ಲಾ ನೋಡ್ದೆ."

"ಸೂಜಿ ಕೊಡ್ಲಿಲ್ಲ ಅಲ್ವಾ."

"ನಿನಗೆ ಗೊತ್ತಲ್ಲ. ಬರ್ದಿದೀಯಲ್ಲ."

ಅದರಲ್ಲಿ ವ್ಯಂಗ್ಯವಿತ್ತೇ ಎಂದು ವಾಲ್ಡಾ ಮುಖ ನೋಡಿದಳು. ಇರಲಿಲ್ಲ, ಅಥವಾ ಅದಕ್ಕೆ ಬೇಕಾದ ತ್ರಾಣ ಇರಲಿಲ್ಲ. ಕ್ಷಮಿಸು ಎನ್ನಬೇಕೆಂದುಕೊಂಡಳು. ಆದರೆ ಯಾವುದಕ್ಕೆ, ಎಲ್ಲಿಂದ ಶುರುಮಾಡಿ? ಗೇಟಿನಿಂದಲೋ, ಬಟ್ಟೆ ಒಗೆಯುವ ಕಲ್ಲಿನಿಂದಲೋ? ಅಷ್ಟರಲ್ಲಿ ನಿಲ್ದೆತೆ ಚಪ್ಪಲಿ ಬಡಿಯುತ್ತ ಬಂದಳು, ಕೈಯಲ್ಲಿ ವಾರ್ಡಿನ ಒಂದೇ ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತಿದ್ದ ಯಾವುದೋ ಮುದುಕಿಯನ್ನು ಎಬ್ಬಿಸಿ ತಂದಿರಬೇಕು.

"ನೋಡಿ, ಹೇಳ್ಲಿಲ್ವಾ ನಾನು, ಎಲ್ಲಾ ಸಲೀಸಾಗಿ ಆಯ್ತು. ಬಾಯಿ ಬಿಡ್ಲಿಲ್ಲ ಇವಳು, ಕಲ್ಲು ಇದ್ದಂಗೆ. ಹೊಲಿಗೆ ಇವತ್ತೆಲ್ಲಾ ನೋಯತ್ತೆ, ನಾನೇ ಬಂದು ನೋಡ್ಕೋತೀನಿ ರಾತ್ರಿ. ಅಮ್ಮಾವ್ರು ಕೂತ್ಕೊಳ್ಳಿ."

ಹೇಳಬೇಕಾದರೆ ಇದೇ ಹೊತ್ತು. ವಾಲ್ಡಾ ಜುಸಾರಾಳ ಕಡೆ ನೋಡಿದಳು. ಜುಸಾರಾ ತಲೆಯನ್ನು, ಯಾರಿಗೂ ಕಾಣದಷ್ಟು, ಬೇಡ ಎಂಬಂತೆ ಅಲ್ಲಾಡಿಸಿದಳು. ಆಮೇಲೆ, ವಾರ್ಡಿಗೆಲ್ಲ ಕೇಳುವ ಹಾಗೆ, ಹಲ್ಲು ಕಾಣುವಂತೆ ನಕ್ಕು, "ಕೂತ್ಕೊಳ್ಳಿ ಅಮ್ಮಾವ್ರೆ," ಎಂದಳು. ರಾತ್ರಿ ಅವಳು ಇವರ ಕೈಯಲ್ಲೇ ಇರಬೇಕು, ನಾಳೆಯೂ. ವಾಲ್ಡಾ ಕೂತಳು. ಕುರ್ಚಿಯ ಒಂದು ಕಾಲು ಸೀಳಿತ್ತು, ಒಂದು ಕಡೆ ವಾಲಿಕೊಂಡೇ ಕೂರಬೇಕಾಯಿತು.

ನಿಲ್ದೆತೆ ಮಗುವಿನ ಸುತ್ತಿನ ಬಟ್ಟೆ ಸರಿಸಿ, ಕಿವಿಯ ತುದಿ ಹಿಡಿದು ನೋಡಿದಳು, ದೊಡ್ಡದಾದ ಮೇಲೆ ಯಾವ ಬಣ್ಣಕ್ಕೆ ತಿರುಗುತ್ತದೆಂದು ಇಲ್ಲಿ ಎಲ್ಲರೂ ನೋಡುವ ಹಾಗೆ. "ಅಮ್ಮನ ಬಣ್ಣವೇ," ಎಂದು ತೀರ್ಮಾನಿಸಿದಳು. ಆಮೇಲೆ ವಾಲ್ಡಾಳ ಕಡೆ ತಿರುಗಿ, ಉಲ್ಲಾಸದಿಂದ, "ಎತ್ಕೊಳ್ಳಿ ಅಮ್ಮಾವ್ರೆ. ಯಾಕೆ ಹಾಗೆ ಹೆದರ್ತೀರಾ? ನಿಮ್ಮನೇಲೇ ಬೆಳೆಯೋ ಕೂಸು ತಾನೇ. ನಾಳೆ ನಿಮ್ಮ ಮಕ್ಕಳಿಗೂ ಜೊತೆಯಾಗತ್ತೆ," ಎಂದಳು.

ವಾಲ್ಡಾಳ ಕೈಗಳು ಆಗಲೇ ಮುಂದೆ ಚಾಚಿದ್ದವು. ಜುಸಾರಾಳ ಮುಖದಲ್ಲಿದ್ದ ನಗು ಹಾಗೇ ಇತ್ತು, ಅದನ್ನು ಅಲ್ಲೇ ಮರೆತುಬಿಟ್ಟವಳ ಹಾಗೆ. ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ, ಗೋಡೆಯ ಕಡೆಗೆ, ಹೊಲಿಗೆ ಎಳೆದು ಉಸಿರು ಹಿಡಿಯುತ್ತಲೇ ಸರಿಸಿಕೊಂಡಳು.

"ಈಗ ಬೇಡ," ಎಂದಳು. "ಈಗ್ತಾನೆ ಕಣ್ಣು ಮುಚ್ಚಿದೆ."

ಮಗುವಿನ ಕಣ್ಣುಗಳು ಎರಡೂ ತೆರೆದೇ ಇದ್ದವು.